ಅಂಬುಜಾಕ್ಷಿಯ ಅಳತೆ

ಟೈಲರ್ ಮಾಡಿದ ತಪ್ಪು ಇಷ್ಟೇ: ಷರ್ಟನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಅಳತೆ ಚೀಟಿ ಮರೆತಿದ್ದ. ಹೆಂಡತಿ ಅದನ್ನು ಮೂರು ಸಲ ಓದಿದಳು. ‘ಅಂಬುಜಾಕ್ಷಿ. ಕತ್ತು ಏಳಿಂಚು. ಸೊಂಟ ಸಿಗಲಿಲ್ಲ, ಕಚಗುಳಿ ಜಾಸ್ತಿ. ಕೆಂಪು ರೇಷ್ಮೆ. ಮನೇಲಿ ಹೇಳಬಾರದು.’

ಪಾಪ, ಅಂಬುಜಾಕ್ಷಿ ಬೆಕ್ಕಿನ ಮರಿ. ಮಗಳು ಹಾಸ್ಟೆಲಿಗೆ ಹೋದಮೇಲೆ ಮಂಕಾಗಿದ್ದ ಹೆಂಡತಿಗೆ ಕೊಡೋಣವೆಂದು ತಂದು, ಅಂಗಡಿಯ ಬಟ್ಟೆಬುಟ್ಟಿಯಲ್ಲಿ ಬಚ್ಚಿಟ್ಟಿದ್ದ. ಹೆಸರು ಹಳೇ ಕಾಲದ್ದೇ ಬೇಕಿತ್ತು. ಹಿಂದೊಮ್ಮೆ ನಾಯಿಗಿಟ್ಟ ಹೆಸರು ಪಕ್ಕದ ಮನೆ ಅಳಿಯನದೇ ಆಗಿ ದೊಡ್ಡ ರಂಪವಾಗಿತ್ತು. ಮೂರು ದಿನ ತಲೆ ಕೆರೆದುಕೊಂಡ ಮೇಲೆ, ಅಂಗಡಿಯ ಜೊತೆಗೇ ಬಂದಿದ್ದ ಹೊಲಿಗೆ ಮಷೀನಿನ ಮುಚ್ಚಳದಲ್ಲಿ ಮಾಸಿದ ಅಕ್ಷರದಲ್ಲಿ ‘ಅಂಬುಜಾಕ್ಷಿ’ ಎಂದಿದ್ದದ್ದು ಕಂಡಿತು. ಕಂಪನಿಯ ಹೆಸರಿರಬೇಕು, ಬದುಕಿರುವವರಲ್ಲಿ ಯಾರಿಗೂ ಇರಲಾರದು ಎಂದು ನಿಶ್ಚಿಂತನಾದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಅವನ ಕೈಯನ್ನೇ ನೋಡಿದಳು.

"ಇದೇನ್ರೀ ಗಾಯ?"

"ಸೂಜಿ ಚುಚ್ತು."

"ಸೂಜಿಗೆ ನಾಲ್ಕು ಉಗುರಿತ್ತಾ? ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ?"

"ಬೆಕ್ಕಾ? ಯಾವ ಬೆಕ್ಕು? ನಾನು ಬೆಕ್ಕೇ ನೋಡಿಲ್ಲ!" ಎಂದವನೇ ಅರ್ಧ ಊಟಕ್ಕೇ ಎದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಂಗಡಿ ಎದುರಿನ ಇಸ್ತ್ರಿ ಅಕ್ಕ ಚೀಟಿ ಓದಿ ಬೆಂಕಿಗೆ ತುಪ್ಪ ಸುರಿದಳು. "ಏಳಿಂಚು ಕತ್ತು ಅಂದ್ರೆ ತುಂಬಾ ತೆಳ್ಳಗಿದಾಳೆ ಬಿಡು. ನಿನ್ನೆ ಅಂಗಡಿ ಬಾಗಿಲು ಹಾಕ್ಕೊಂಡು, ‘ಪರಚಬೇಡ ಕಣೇ ಚಿನ್ನ’ ಅಂತಿದ್ರು ನಿಮ್ಮೋರು."

ಇಬ್ಬರೂ ಮಹಡಿ ಹತ್ತಿ, ಅಂಗಡಿ ಬಾಡಿಗೆಗೆ ಕೊಟ್ಟಿದ್ದ ಓನರಮ್ಮನನ್ನು ಕೆಳಗೆ ಅಂಗಡಿಗೆ ಕರೆತಂದರು. ಬೀದಿಗೆಲ್ಲ ದೊಡ್ಡಮ್ಮನಾದ ಆಕೆಯ ಮಾತೇ ಅಲ್ಲಿ ತೀರ್ಪು.

"ಅವಳ ಹೆಸರೇನು?" ಎಂದು ಕೇಳಿದರು ದೊಡ್ಡಮ್ಮ.

"ನನ್ನ ಬಾಯಲ್ಲಿ ಹೇಳಲ್ಲ. ಅವರೇ ಹೇಳ್ಲಿ!" ಎಂದಳು ಹೆಂಡತಿ.

ಟೈಲರ್ ಬೇರೆ ದಾರಿ ಕಾಣದೆ ಬುಟ್ಟಿಯಿಂದ, ಕತ್ತಿಗೆ ಕೆಂಪು ರೇಷ್ಮೆ ಪಟ್ಟಿ ಕಟ್ಟಿದ್ದ ಮರಿಯನ್ನೆತ್ತಿದ. "ಇವಳೇ ಅಂಬುಜಾಕ್ಷಿ! ಹಾಲುಗಳ್ಳಿ, ಸೋಮಾರಿ, ಮೂರು ಹೊತ್ತೂ ನಿದ್ದೆ! ನಿನಗೇ ಅಂತ ತಂದಿದ್ದು ಕಣೇ."

ಹೆಂಡತಿ ಮರಿಯನ್ನು ಎದೆಗವಚಿಕೊಂಡು ನಗುತ್ತಲೇ ಅತ್ತಳು. ಇಸ್ತ್ರಿ ಅಕ್ಕನಿಗೆ ತುಂಬಾ ನಿರಾಸೆಯಾಯಿತು. ದೊಡ್ಡಮ್ಮ ಮಾತ್ರ ನಗಲಿಲ್ಲ. ಅಂಗೈಯಿಂದ ಮಷೀನಿನ ಮುಚ್ಚಳದ ಧೂಳು ಒರೆಸಿದರು.

"ಇದು ಯಾರ ಹೆಸರು ಅಂದ್ಕೊಂಡೆ?"

"ಕಂಪನೀದು..."

"ನನ್ನದು. ನಮ್ಮಪ್ಪ ಬರೆಸಿದ್ದು. ಯಾರೂ ನನ್ನ ಹೆಸರು ಹಿಡಿದು ಕರೆದು ನಲವತ್ತು ವರ್ಷ ಆಯ್ತು. ಈಗ ಕರೆಸ್ಕೊಂಡೆ, ಹಾಲುಗಳ್ಳಿ ಅಂತ!" ಅವರು ಹೆಂಡತಿಯ ಕೈಯಲ್ಲಿದ್ದ ಮರಿಯತ್ತ ಕೈ ಚಾಚಿದರು. "ನನ್ನ ಹೆಸರಿರೋದೆಲ್ಲಾ ನನ್ನ ಹತ್ರಾನೇ ಇರ್ಲಿ. ಮಷೀನು ಸಂಜೆ ಮೇಲಕ್ಕೆ ಕಳಿಸು."

ಹೀಗೆಂದು ಬೆಕ್ಕಿನ ಮರಿಯನ್ನು ಎತ್ತಿಕೊಂಡು ಹೊರಟೇಬಿಟ್ಟರು. ಅದು ಅವರ ಹೆಗಲ ಮೇಲೆ ಆಗಲೇ ನಿದ್ದೆ ಹೋಗಿತ್ತು.

ಬರಿಗೈಯಲ್ಲಿ ನಿಂತ ಹೆಂಡತಿ ಮಡಿಸಿಟ್ಟಿದ್ದ ಚೀಟಿಯನ್ನು ಮತ್ತೆ ಬಿಚ್ಚಿದಳು.

"ಅಲ್ಲಾರೀ, ಕತ್ತಿನ ಪಟ್ಟಿ ಹೊಲಿಯೋಕೆ ಸೊಂಟದ ಅಳತೆ ಯಾಕೆ ಬೇಕಿತ್ತು?"