ಆಕಾಶ ಒರೆಸಿದವನು

ಬೆಳಿಗ್ಗೆ ಹತ್ತಕ್ಕೆ ಆಕಾಶದ ನಕ್ಷೆ ತೆರೆದರೆ ಒಂದು ಸುಳಿ ಉಳಿದುಕೊಂಡಿತ್ತು. ಒರೆಸಪ್ಪನ ದಿನ ಕೆಡಲು ಅಷ್ಟೇ ಸಾಕಾಯಿತು.

ಜಗತ್ತಿನ ಮೊಟ್ಟಮೊದಲ ಬೆಳಕು ನಮ್ಮವರೆಗೆ ಬರುವಷ್ಟರಲ್ಲಿ ದಾರಿಯ ಗ್ಯಾಲಕ್ಸಿಗಳೆಲ್ಲ ಅದನ್ನು ಎಳೆದಾಡಿ ಸೊಟ್ಟ ಮಾಡಿರುತ್ತವೆ. ಯಾವ ಗ್ಯಾಲಕ್ಸಿ ಎಲ್ಲಿದೆ ಎಂಬ ಪಟ್ಟಿ ಹಿಡಿದು, ಆ ಸೊಟ್ಟವನ್ನು, ಕಚೇರಿಯವರ ಬಾಯಲ್ಲಿ 'ಕೊಳೆ'ಯನ್ನು, ಲೆಕ್ಕಹಾಕಿ ನಕ್ಷೆಯಿಂದ ಕಳೆಯುವುದು ಒರೆಸಪ್ಪನ ಕೆಲಸ. ಆ ಹೆಸರಿಟ್ಟವರು ಕಚೇರಿಯ ಓದಿದವರು. ಇವನ ಓದು ಅರ್ಧಕ್ಕೇ ನಿಂತಿತ್ತು. ಇವತ್ತು ಸಂಜೆ ಕಳಿಸುವ ನಕ್ಷೆ ಸರಿಯಿದ್ದರೆ ಕೆಲಸ ಖಾಯಂ, ಇಲ್ಲದಿದ್ದರೆ ಇವತ್ತೇ ಕಡೆ. ಮನೆಯಲ್ಲಿದ್ದ ಏಳು ತಿಂಗಳ ಬಸುರಿ ಹೆಂಡತಿಗೆ ಖಾಯಂ ಆಯಿತೆಂದು ಆಗಲೇ ಹೇಳಿಬಿಟ್ಟಿದ್ದ.

ಪಕ್ಕದ ಮೇಜಿನ ಲೆಕ್ಕದಕ್ಕ ಇಣುಕಿದಳು. "ಅಯ್ಯೋ, ಇದೇನಪ್ಪ ಸುಳಿ? ಗ್ಯಾಲಕ್ಸಿ ಕೊಳೆ ಸರಿಯಾಗಿ ಕಳೆದಿಲ್ಲ ನೀನು."

"ಎರಡು ಸಲ ಕಳೆದಿದೀನಕ್ಕ. ಇದು ಕೊಳೆ ಅಲ್ಲ, ಬೆಳಕಲ್ಲೇ ಇರೋದು."

"ಓಹೋ! ದೊಡ್ಡದೊಡ್ಡೋರ ಕಣ್ಣಿಗೆ ಬೀಳದ್ದು ನಿನ್ ಕಣ್ಣಿಗೆ ಬಿತ್ತಾ?"

ಸತ್ತ ನಾಯಿಗೆ ನೊಣ ಮುತ್ತಿದಂತೆ ಎಲ್ಲರೂ ಅವನ ಪರದೆಗೆ ಮುತ್ತಿದರು.

"ಗ್ಯಾಲಕ್ಸಿ ತೂಕ ಸ್ವಲ್ಪ ಜಾಸ್ತಿ ಹಾಕು ತಮ್ಮಾ, ಕೊಳೆನೂ ಜಾಸ್ತಿ ಕಳೆಯತ್ತೆ," ಎಂದ ಟೆಲಿಸ್ಕೋಪಿನ ಮೆಕ್ಯಾನಿಕ್.

ಹಾಕಿದ. ಸುಳಿ ತೆಳ್ಳಗಾಯಿತು, ಇನ್ನೊಂದು ಮೂಲೆಯಲ್ಲಿ ಗುಳಿ ಬಿತ್ತು.

"ಆ ಮೂಲೆ ಮುಚ್ಚಿಬಿಡು. ಮೋಡ ಇತ್ತು ಅಂತ ಬರಿ," ಎಂದಳು ಅಕ್ಕ.

ಮುಚ್ಚಿದ. ಪಕ್ಕದಲ್ಲೇ ಮತ್ತೊಂದು ಗುಳಿ. ಗಿಡ್ಡ ಚಾದರ ಹೊದ್ದವನ ಪಾಡು. ಅಷ್ಟರಲ್ಲಿ ಹೆಂಡತಿಯ ಫೋನು: "ರೀ, ಅಮ್ಮಂಗೂ ಹೇಳ್ಬಿಟ್ಟೆ, ಖಾಯಂ ಅಂತ."

"ಹೂಂ ಕಣೇ," ಎಂದು ಬೆವರೊರೆಸಿಕೊಂಡು ಇನ್ನಷ್ಟು ತೂಕ ಹಾಕಿದ. ನಾಲ್ಕರ ಹೊತ್ತಿಗೆ ಆಕಾಶದಲ್ಲಿ ಇಲ್ಲದ ಗ್ಯಾಲಕ್ಸಿಗಳಿಗೂ ತೂಕ ಬಂದಿತ್ತು. ಐದಕ್ಕೆ ಸುಳಿ ಮಾಯ. ಬೋಳಿಸಿದ ತಲೆಯಂತೆ ನುಣ್ಣಗಾದ ನಕ್ಷೆಯನ್ನು ಕಳಿಸಿ ಉಸಿರುಬಿಟ್ಟ.

ಐದೂವರೆಗೆ ಮುಖ್ಯಸ್ಥರು ಮುಚ್ಚಿದ ಲಕೋಟೆ ಹಿಡಿದು ಬಂದರು.

"ಇವತ್ತಿನ ಡೇಟಾದಲ್ಲಿ ಒಂದು ನಕಲಿ ಸುಳಿ ನಾವೇ ಸೇರಿಸಿದ್ವಿ. ಒರೆಸೋ ಕೈ ಕೊಳೆ ಜೊತೆ ಬೆಳಕನ್ನೂ ಒರೆಸಿಬಿಡತ್ತಾ ಅಂತ ಪರೀಕ್ಷೆ. ಯಾರಿಗೂ ಮುಂಚೆ ಹೇಳಲ್ಲ, ಅದೇ ಇಲ್ಲಿನ ಪದ್ಧತಿ." ಲಕೋಟೆ ಹರಿದು ಓದಿದರು. "ಎಡಗಡೆ, ಮೇಲೆ. ಎಲ್ಲಪ್ಪಾ ಅದು?"

"ಬೆಳಿಗ್ಗೆ ಇತ್ತು ಸಾರ್! ಇವರೆಲ್ಲ ನೋಡಿದಾರೆ, ಕೇಳಿ ಸಾರ್!"

ಎಲ್ಲರೂ ತಂತಮ್ಮ ಪರದೆಯೊಳಗೆ ತಲೆ ತೂರಿಸಿದರು. ಲೆಕ್ಕದಕ್ಕ ಮಾತ್ರ ಕನಿಕರದಿಂದ ತಿರುಗಿದಳು.

"ನೀನೇ ಅಂದ್ಯಲ್ಲಪ್ಪ, ಬೆಳಕಲ್ಲೇ ಇರೋದು ಅಂತ. ಗೊತ್ತಿದ್ದೂ ಯಾಕೆ ಒರೆಸಿದೆ?"

ಮುಖ್ಯಸ್ಥರು ಆ ಮಾತನ್ನೇ ಲಕೋಟೆಯ ಬೆನ್ನ ಮೇಲೆ ಬರೆದುಕೊಂಡರು. ಮೇಲೊಂದು ತಲೆಬರಹ ಹಾಕಿದರು: 'ವಜಾಕ್ಕೆ ಕಾರಣ'.