ಹಸಿರು ದೀಪದ ಚಾರ್ಜರ್ ಮಹಾಶಯರಿಗೆ, ಮಿಡತೆ ಬೆಡಗಿನ ವಿಷಯವಾಗಿ

ನ್ಯೆಂಡೊ, ಮಸಾಕ

ಮಾನ್ಯರೇ,

ನಾಲ್ಕು ಗೂಡುಗಳ ಒಡೆಯರೂ, ಸತ್ತ ಸೆಲ್ಲುಗಳಿಗೆ ಒಂದೇ ಗಂಟೆಯಲ್ಲಿ ಜೀವ ತುಂಬುವುದಾಗಿ ಪೆಟ್ಟಿಗೆಯ ಮೇಲೆ ಬಣ್ಣಬಣ್ಣದಲ್ಲಿ ಅಚ್ಚು ಹಾಕಿಸಿಕೊಂಡವರೂ, ನಮ್ಮ ಊಟದ ಮೇಜಿನ ಪಕ್ಕದ ಪ್ಲಗ್ಗಿನಲ್ಲಿ ಎಂಟು ದಿನ ವಿರಾಜಮಾನರಾಗಿದ್ದವರೂ ಆದ ತಮಗೆ ಕ್ರಿಸೊಸ್ಟಮ್ ಲುಯಿಂಡನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಹಸಿರು ದೀಪ ಎಂದಿನಂತೆ ಯಾವ ಅಳುಕೂ ಇಲ್ಲದೆ ಬೆಳಗಲು ಸಿದ್ಧವಾಗಿದೆಯೆಂದೂ ನಂಬಿದ್ದೇನೆ. ಅಳುಕು ತಮ್ಮ ಸ್ವಭಾವದಲ್ಲೇ ಇಲ್ಲ ಎಂಬುದನ್ನು ಇನ್ನೂರು ಮಂದಿಯ ಎದುರಿಗೆ ಕಂಡುಕೊಂಡವನು ನಾನು.

ನನ್ನ ಕಸುಬು ತಮಗೆ ತಿಳಿದಿರಲಾರದು. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣು ಕೇಳಲು ಹುಡುಗಿಯ ಮನೆಯ ಅಂಗಳಕ್ಕೆ ಹೋದಾಗ, ಎದುರುಬದುರು ಹಾಕಿದ ಎರಡು ಶಾಮಿಯಾನಗಳ ನಡುವೆ ನಿಂತು ಅವರ ಪರವಾಗಿ ಮಾತಾಡುವ ಮಾತುಗಾರ ನಾನು. ಹುಡುಗಿಯ ಕಡೆಗೂ ಒಬ್ಬ ಮಾತುಗಾರನಿರುತ್ತಾನೆ. ಅವನು ಹೆಜ್ಜೆಹೆಜ್ಜೆಗೂ ಕೊಂಕು ತೆಗೆಯಬೇಕು, ನಾನು ನಯವಾಗಿ ಬಿಡಿಸಿಕೊಳ್ಳಬೇಕು, ಹೊತ್ತು ಮುಳುಗುವುದರೊಳಗೆ ಹುಡುಗಿ ನಮ್ಮವಳಾಗಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ನಾನು ಹುಡುಗಿ ಸಿಗದೆ ವಾಪಸು ಬಂದವನಲ್ಲ. ಬಾಡಿಗೆಯ ಮೈಕು ಹಿಡಿಯುವವನೂ ಅಲ್ಲ. ನನ್ನದೇ ಒಂದು ತಂತಿಯಿಲ್ಲದ ಮೈಕು ಇದೆ, ಅದು ಎರಡು ಪೆನ್ಸಿಲ್ ಸೆಲ್ಲುಗಳನ್ನು ಉಂಡು ನನ್ನ ಗಂಟಲನ್ನು ಬಿಷಪ್ಪರ ಗಂಟಲಿನಷ್ಟು ಗಂಭೀರ ಮಾಡುತ್ತದೆ. ಪ್ರತಿ ಸಮಾರಂಭಕ್ಕೂ ಹೊಸ ಸೆಲ್ಲು ಕೊಂಡು, ಮುಗಿದ ಮೇಲೆ ಎಸೆಯುವುದನ್ನು ನೋಡಿ ನೋಡಿ ಬೇಸತ್ತ ನನ್ನ ಹೆಂಡತಿ ಪೆರ್ಪೆಟುವಾ, ಮತ್ತೆ ಮತ್ತೆ ತುಂಬಬಹುದಾದ ಸೆಲ್ಲುಗಳನ್ನೂ ಒಂದು ಒಳ್ಳೆಯ ಚಾರ್ಜರನ್ನೂ ತರುವಂತೆ ಹೇಳಿ ಕಳಿಸಿದಳು. ಒಳ್ಳೆಯ ಎಂಬ ಮಾತನ್ನು ಅವಳು ಎರಡು ಸಲ ಹೇಳಿದ್ದಳೆಂದು ಈಗ ನೆನಪಾಗುತ್ತಿದೆ.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ರೇಡಿಯೊ, ಟಾರ್ಚು ಮಾರುವ ತೆಯೊಪಿಸ್ತಾ ನನ್ನ ಮುಂದೆ ಇಬ್ಬರನ್ನು ತಂದಿಟ್ಟಳು. ಒಬ್ಬರು ತಾವು. ಇನ್ನೊಬ್ಬರು ದಪ್ಪಗೆ, ಕಪ್ಪಗೆ, ನೋಡಲು ಏನೂ ಇಲ್ಲದವರು. ಪ್ರತಿ ಗೂಡಿಗೂ ಒಂದೊಂದು ಸಣ್ಣ ದೀಪ, ಐದಾರು ಗಂಟೆಯ ಕೆಲಸ. ಆ ಕಪ್ಪಗಿನವರು ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ವಿಚಾರಿಸಿ, ಯಾವುದರ ಹೊಟ್ಟೆ ಯಾವಾಗ ತುಂಬಿತೋ ಆವಾಗ ಅದಕ್ಕೆ ಬಡಿಸುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆಂದು ತೆಯೊಪಿಸ್ತಾ ತಾಳ್ಮೆಯಿಂದ ತಿಳಿಸಿದಳು. ತಾವಾದರೋ ಜೋಡಿ ಜೋಡಿಯಾಗಿ ಮಾತ್ರ ಕೂರಿಸಿಕೊಳ್ಳುವವರು, ಆದ್ದರಿಂದ ತಮ್ಮ ಬಳಿ ಹಳೆಯದನ್ನೂ ಹೊಸದನ್ನೂ ಬೆರೆಸಿ ಕೂರಿಸಬಾರದು ಎಂದೂ ಎಚ್ಚರಿಸಿದಳು. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ತಮ್ಮ ಬೆಳ್ಳಿ ಬಣ್ಣವನ್ನೂ ಆ ಹಸಿರು ದೀಪವನ್ನೂ ನೋಡುತ್ತಾ ನಿಂತಿದ್ದೆ. ಒಂದು ಗಂಟೆಗೂ ಆರು ಗಂಟೆಗೂ ವ್ಯತ್ಯಾಸ ತಿಳಿಯದ ದಡ್ಡನೆಂದು ಅವಳು ನನ್ನನ್ನು ಭಾವಿಸಿರಬೇಕು ಎಂದುಕೊಂಡು, ತಮ್ಮನ್ನೂ ಎರಡು ಹೊಸ ಸೆಲ್ಲುಗಳನ್ನೂ ಕಟ್ಟಿಸಿಕೊಂಡು ಬಂದೆ. ಮನೆಯ ರೇಡಿಯೊದಲ್ಲಿ ಅದೇ ಜಾತಿಯ ಎರಡು ಹಳೆಯ ಸೆಲ್ಲುಗಳಿದ್ದವು, ಅಷ್ಟರವರೆಗೆ ನೆರೆಮನೆಯ ಚಾರ್ಜರಿನಲ್ಲಿ ತುಂಬಿಸಿಕೊಂಡು ಬಂದಂಥವು. ಒಟ್ಟು ನಾಲ್ಕು, ತಮ್ಮ ಗೂಡುಗಳೂ ನಾಲ್ಕು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಎಲ್ಲಿದೆ ಎಂದು ಹಿಗ್ಗಿದೆ.

ಆ ಶನಿವಾರ ಹೆಣ್ಣು ಕೇಳಬೇಕಾಗಿದ್ದುದು ನನ್ನ ಸ್ವಂತ ತಮ್ಮನ ಮಗ ಗೊನ್ಜಾಗನಿಗೆ. ಹುಡುಗನ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ತಂದೆ ಪದ್ಧತಿಯಂತೆ ಮನೆಯಲ್ಲೇ ಉಳಿದು ಸುದ್ದಿಗೆ ಕಾಯಬೇಕಾದವನು. ಹೊರಡುವ ಬೆಳಿಗ್ಗೆ ನಾಲ್ಕೂ ಸೆಲ್ಲುಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ತಮ್ಮ ಮಡಿಲಿಗೆ ಹಾಕಿದೆ. ತಾವು ನುಡಿದಂತೆಯೇ ನಡೆದಿರಿ. ನಾನು ಸ್ನಾನ ಮುಗಿಸಿ, ಬಿಳಿ ಕಾಂಜು ನಿಲುವಂಗಿ ತೊಟ್ಟು, ಮೇಲೆ ಕೋಟು ಏರಿಸುವ ಹೊತ್ತಿಗೆ ಹಸಿರು ದೀಪ ಹೊತ್ತಿತ್ತು. ಪೆರ್ಪೆಟುವಾ ಸೆಲ್ಲುಗಳನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದನ್ನೂ ಮುಟ್ಟಿ ನೋಡಿದಳು.

"ಒಂದು ಬೆಂದು ಹೋಗಿದೆ, ಇನ್ನೊಂದು ಹಸೀನೇ ಇದೆ ಕಣ್ರೀ. ಎರಡಕ್ಕೂ ಸೇರಿ ಒಂದೇ ದೀಪ ಹೇಗೆ ಹಸಿರಾಯ್ತು?"

ಯಂತ್ರದ ವಿಷಯ ಯಂತ್ರಕ್ಕೆ ಗೊತ್ತಿರುತ್ತದೆ ಎಂದು ನಾನು ತಮ್ಮ ಪರವಾಗಿ ವಾದಿಸಿದೆ. ಜೀವಮಾನದಲ್ಲಿ ನಾನು ಸೋತ ಮೊದಲ ವಾದ ಅದು, ಆದರೆ ಸೋತದ್ದು ತಿಳಿಯಲು ಇನ್ನೂ ಆರು ಗಂಟೆ ಬೇಕಾಯಿತು. ಒಂದು ಜೋಡಿಯನ್ನು ಮೈಕಿಗೆ ಹಾಕಿದೆ, ಇನ್ನೊಂದನ್ನು ಕೋಟಿನ ಜೇಬಿಗೆ ಇಳಿಬಿಟ್ಟೆ.

ಹುಡುಗಿ ಲೇತಿಷಿಯಾಳ ಕಡೆಯ ಮಾತುಗಾರ ಡ್ಡುಂಬ, ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಕೂಗಿ ಗಂಟಲು ಪಳಗಿಸಿಕೊಂಡವನು. ತಡವಾಗಿ ಬಂದಿರೆಂದು ದಂಡ ಹಾಕಿದ, ನಮ್ಮ ಕಾಣಿಕೆಯ ಬುಟ್ಟಿಗಳು ಹಗುರವೆಂದು ನಗಾಡಿದ, ನಾನು ಒಂದೊಂದಕ್ಕೂ ತಕ್ಕ ಉತ್ತರ ಕೊಟ್ಟೆ. ಹೆಂಗಸರು ನಾಲಿಗೆ ತಿರುಗಿಸಿ ಉಲಿದು ಹರ್ಷ ತೋರಿದರು. ಆಮೇಲೆ ಹುಡುಗನ ಕುಲ, ಬೆಡಗು ಹೇಳುವ ಘಟ್ಟ ಬಂತು. ಮಾನ್ಯರೇ, ನಮ್ಮಲ್ಲಿ ತನ್ನ ಬೆಡಗಿನಲ್ಲಿ ಮಾತ್ರವಲ್ಲ, ತಾಯಿಯ ಬೆಡಗಿನಲ್ಲೂ ಹೆಣ್ಣು ತರುವಂತಿಲ್ಲ. ತಂದರೆ ಅದು ಅಕ್ಕತಂಗಿಯನ್ನು ತಂದಂತೆ. ಲೇತಿಷಿಯಾ ಮಿಡತೆ ಬೆಡಗಿನವಳು. ನಾನು ಎದೆ ಉಬ್ಬಿಸಿ ಹೇಳಿದ ಮಾತು ಇದು: ನಮ್ಮ ಹುಡುಗ ಜಿಂಕೆ ಬೆಡಗಿನವನು, ಅವನ ತಾಯಿಯ ಕಡೆಯವರು ಚಿರತೆ ಬೆಡಗಿನವರು, ಅವರ ನೆಂಟಸ್ತಿಕೆಗೂ ಸ್ನೇಹಕ್ಕೂ ಮೊದಲಿಂದ ಒದಗಿಬಂದವರು ನಿಮ್ಮ ಹಾಗೆ ಮಿಡತೆ ಬೆಡಗಿನವರು.

ತಮ್ಮ ಕೃಪೆಯಿಂದ ಮೈಕು ನಡುವೆ ಒಂದು ಗುಟುಕು ನುಂಗಿತು. ಇನ್ನೂರು ಮಂದಿಗೆ ಕೇಳಿಸಿದ್ದು ಹೀಗೆ: ಅವನ ತಾಯಿಯ ಕಡೆಯವರು ನಿಮ್ಮ ಹಾಗೆ ಮಿಡತೆ ಬೆಡಗಿನವರು.

ಉಲಿಯುತ್ತಿದ್ದ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಎದುರು ಶಾಮಿಯಾನದಲ್ಲಿ ಮೂವರು ಹಿರಿಯರು ಊರುಗೋಲು ಹಿಡಿದು ಎದ್ದೇಬಿಟ್ಟರು. ಒಳಗೆ ಹೋಗಿದ್ದ ಬುಟ್ಟಿಗಳನ್ನು ಯಾರೋ ಹೊರಗೆ ತರತೊಡಗಿದರು. ಮನೆಯೊಳಗೆ ಸಿಂಗಾರಗೊಂಡು ಕಾಯುತ್ತಿದ್ದ ಲೇತಿಷಿಯಾ ನೆಲಕ್ಕೆ ಕುಸಿದು ಕೂತಳೆಂದು ಆಮೇಲೆ ತಿಳಿಯಿತು. ನಮ್ಮ ಗೊನ್ಜಾಗ ಎಲ್ಲರ ನಡುವೆ ತಲೆ ತಗ್ಗಿಸಿ ಕೂತವನು ನನ್ನನ್ನು ನೋಡಿದ ನೋಟ ಮಾತ್ರ ಇಂದಿಗೂ ಮರೆತಿಲ್ಲ. ನಾನು ಇಲ್ಲ ಇಲ್ಲ ಎಂದು ಮೈಕಿನಲ್ಲೇ ಕೂಗಿದೆ. ತಾವು ಉಣಬಡಿಸಿದ್ದ ಮೈಕು ಆ ಎರಡು ಮಾತುಗಳಿಗೂ ಬಾಯಿ ಬಿಡಲಿಲ್ಲ. ಡ್ಡುಂಬನ ಮೈಕು ಗಟ್ಟಿಯಾಗಿಯೇ ಇತ್ತು.

"ಲುಯಿಂಡ ಯಜಮಾನ್ರೇ, ಬಂದ ದಾರಿ ಅಲ್ಲೇ ಇದೆ, ನಾವೇನೂ ಅಗೆದು ಹಾಕಿಲ್ಲ" ಎಂದ.

ಜೇಬಿನ ಜೋಡಿಯನ್ನು ತೆಗೆದು ಬದಲಾಯಿಸಿದೆ. ತಮ್ಮ ನ್ಯಾಯಬುದ್ಧಿಯನ್ನು ಇಲ್ಲಿ ಮೆಚ್ಚಲೇಬೇಕು. ಪ್ರತಿ ಜೋಡಿಯಲ್ಲೂ ಒಂದು ಹಳೆಯದು, ಒಂದು ಹೊಸದು ಸೇರಿಕೊಂಡಿದ್ದರಿಂದ, ಒಂದು ತೇಗಿದ ಕೂಡಲೇ ಎರಡಕ್ಕೂ ಊಟವಾಯಿತೆಂದು ಬರೆದುಕೊಂಡು ದೀಪ ಹಚ್ಚಿದ ತಾವು, ಎರಡು ಜೋಡಿಗಳಲ್ಲಿ ಯಾವ ಭೇದವನ್ನೂ ಮಾಡಿರಲಿಲ್ಲ. ಎರಡನೆಯ ಜೋಡಿ ಒಮ್ಮೆ ಕೆಮ್ಮಿತು, ಅಷ್ಟೇ.

ಆಗ ಲೇತಿಷಿಯಾಳ ಸೋದರತ್ತೆ ಫೆಲಿಸ್ತಾ ಎದ್ದು ಬಂದರು. ನಮ್ಮಲ್ಲಿ ಸೋದರತ್ತೆ ಒಪ್ಪದೆ ಮದುವೆಯಿಲ್ಲ. ಎರಡು ಶಾಮಿಯಾನಗಳ ನಡುವಿನ ಹುಲ್ಲುಹಾಸನ್ನು ಅಪ್ಪಣೆಯಿಲ್ಲದೆ ಯಾರೂ ದಾಟುವುದಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡೇ ದಾಟಿದರು. ನನ್ನ ಕೈಯಿಂದ ಮೈಕು ಕಿತ್ತುಕೊಂಡು ಕುರ್ಚಿಯ ಮೇಲೆ ಇಟ್ಟರು. ಹುಡುಗನ ತಾಯಿಯ ಬೆಡಗು ಯಾವುದೆಂದು ತಾನು ತಿಂಗಳ ಹಿಂದೆಯೇ ವಿಚಾರಿಸಿದ್ದಾಗಿಯೂ, ಆದರೆ ಇಷ್ಟು ಜನ ಕಿವಿಯಾರೆ ಕೇಳಿದ ಮೇಲೆ ತಾನು ಹೇಳಿದರೆ ಸಾಲದೆಂದೂ, ಆ ತಾಯಿಯ ರಕ್ತದವರೇ ಹೇಳಬೇಕೆಂದೂ ಹೇಳಿ ನಮ್ಮ ಶಾಮಿಯಾನದತ್ತ ನೋಡಿದರು.

ನಮ್ಮ ಕಡೆ ಆ ರಕ್ತದವಳು ಒಬ್ಬಳೇ ಇದ್ದಳು. ಗೊನ್ಜಾಗನ ದೊಡ್ಡಮ್ಮ, ಹೊಲಿಗೆ ಕೆಲಸದ ಅಸುಂಪ್ತಾ. ಅಂದು ಬಂದಿದ್ದ ಹೆಂಗಸರ ಅರ್ಧಕ್ಕರ್ಧ ಉಡುಪುಗಳನ್ನು ಹೊಲಿದವಳೇ ಅವಳಾದರೂ, ನಾಲ್ಕು ಜನರ ಎದುರಿಗೆ ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಅಳತೆ ತೆಗೆಯುವಾಗಲೂ ಬೆರಳಲ್ಲೇ ಸನ್ನೆ ಮಾಡುವವಳು. ಹಿಂದಿನ ಸಾಲಿನಿಂದ ಬಂದು ಚಾಪೆಯ ಮೇಲೆ ಮೊಣಕಾಲೂರಿ ಏನೋ ಹೇಳಿದಳು, ನನಗೇ ಕೇಳಿಸಲಿಲ್ಲ.

"ಎದ್ದು ನಿಂತ್ಕೊಂಡು ಹೇಳು ತಾಯಿ" ಎಂದರು ಫೆಲಿಸ್ತಾ. "ಮೊಣಕಾಲೂರಿದ್ರೆ ಮಾತೆಲ್ಲಾ ಚಾಪೆಗೆ ಹೋಗುತ್ತೆ."

ಅಸುಂಪ್ತಾ ಎದ್ದಳು. ತನ್ನ ಅಪ್ಪನ ಹೆಸರು ಹೇಳಿದಳು, ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಅವರನ್ನು ಮಣ್ಣು ಮಾಡಿದ ಬಾಳೆತೋಟ ಯಾವ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂದು ಹೇಳಿದಳು. ಮೊದಮೊದಲು ಮುಂದಿನ ಸಾಲಿನವರು ಕತ್ತು ಚಾಚಿ ಕೇಳಬೇಕಾಯಿತು. ಆಮೇಲೆ ಅಂಗಳವೇ ಎಷ್ಟು ಸುಮ್ಮನಾಯಿತೆಂದರೆ, ಹಿತ್ತಲಿನಲ್ಲಿ ಬಾಳೆಕಾಯಿ ಬೇಯುತ್ತಿದ್ದ ಪಾತ್ರೆಯ ಕುದಿತವೂ ಅವಳ ಮಾತಿನ ನಡುವೆ ಕೇಳಿಸುತ್ತಿತ್ತು.

"ನನ್ನ ತಂಗಿ ಇವತ್ತಿಲ್ಲ. ಇದ್ದಿದ್ರೂ ಪದ್ಧತಿ ಅಂತ ಮನೇಲೇ ಇರ್ತಿದ್ಲು, ಇದನ್ನ ನಾನೇ ಹೇಳ್ಬೇಕಾಗಿತ್ತು" ಎಂದಳು ಕೊನೆಗೆ. "ನಾವು ಚಿರತೆ ಬೆಡಗಿನೋರು. ನಿಮ್ಮ ಮಗಳನ್ನ ಅವಳ ಹೆಸರಲ್ಲಿ ಕೇಳೋದಕ್ಕೆ ಬಂದಿದೀನಿ."

ಎದ್ದು ನಿಂತಿದ್ದ ಮೂವರು ಹಿರಿಯರಲ್ಲಿ ಅತಿ ಹಿರಿಯರು ಮೊದಲು ಕೂತರು. ಉಳಿದಿಬ್ಬರೂ ಕೂತರು. ಫೆಲಿಸ್ತಾ ಅವಳ ಕೈ ಹಿಡಿದು ಹುಲ್ಲುಹಾಸಿನ ಆಚೆಗೆ, ತನ್ನ ಪಕ್ಕದ ಕುರ್ಚಿಗೆ ಕರೆದೊಯ್ದರು. ಬುಟ್ಟಿಗಳು ಮತ್ತೆ ಒಳಗೆ ಹೋದವು. ಲೇತಿಷಿಯಾ ಹೊರಗೆ ಬಂದಳು, ಹುಡುಗಿಯ ಅಣ್ಣ ಒಪ್ಪಿಗೆಯ ಗುರುತಾಗಿ ನಮ್ಮ ಹುಂಜವನ್ನು ಸ್ವೀಕರಿಸಿದ, ಎಲೆಯಲ್ಲಿ ಕಟ್ಟಿ ಬೇಯಿಸಿದ ಕೋಳಿಯ ಊಟವಾಯಿತು, ಮದುವೆಯ ದಿನ ಗೊತ್ತಾಯಿತು. ಹುಡುಗಿಯನ್ನು ಗೆದ್ದುಕೊಂಡೇ ಬಂದೆವು. ಗೆದ್ದವನು ನಾನಲ್ಲ ಎಂಬುದೊಂದು ಸಣ್ಣ ವ್ಯತ್ಯಾಸ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ದಯಮಾಡಿ ಕಾಂಜು ತೊಟ್ಟು, ಮೇಲೊಂದು ಕೋಟು ಏರಿಸಿ, ಒಂದು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಆ ಮೂವರು ಹಿರಿಯರ ಮನೆಗಳಿಗೆ ನಡೆದೇ ಹೋಗಿ ತಪ್ಪೊಪ್ಪಿಗೆ ಸಲ್ಲಿಸಬೇಕು. ಇನ್ನು ಮುಂದೆ ಹಸಿರು ದೀಪ ಹಚ್ಚುವ ಮುನ್ನ ಎರಡೂ ಸೆಲ್ಲುಗಳ ಹೊಟ್ಟೆ ಮುಟ್ಟಿ ನೋಡಿ, ತಮ್ಮ ಅಜ್ಜ ಮುತ್ತಜ್ಜರ ಮೇಲೆ ಆಣೆ ಮಾಡಬೇಕು. ಸಂದೇಹವಿದ್ದಲ್ಲಿ ನಾಚಿ ಕೆಂಪಾಗಲು ಕಲಿಯಬೇಕು. ಕೆಂಪು ದೀಪ ತಮ್ಮಲ್ಲಿ ಇದ್ದೇ ಇದೆಯಲ್ಲ.

ನಾನೂ ಸುಧಾರಿಸಿದ್ದೇನೆ. ತೆಯೊಪಿಸ್ತಾಳ ಅಂಗಡಿಗೆ ಹೋಗಿ, ನಾನು ಕೇಳುವ ಮೊದಲೇ ಅವಳು ಎತ್ತಿ ಕೊಟ್ಟ ಆ ಕಪ್ಪಗಿನವರನ್ನು ಮನೆಗೆ ತಂದೆ. ನಾಲ್ಕು ದೀಪಗಳು ನಾಲ್ಕು ಬೇರೆಬೇರೆ ಹೊತ್ತಿಗೆ ಹಸಿರಾಗುತ್ತವೆ, ಸೆಲ್ಲುಗಳು ಉಗುರುಬೆಚ್ಚಗೆ ಹೊರಬರುತ್ತವೆ. ಹೊಸ ಜೋಡಿಗೆ ಪೆರ್ಪೆಟುವಾ ಉಗುರಿನ ಬಣ್ಣದಲ್ಲಿ ಕೆಂಪು ಚುಕ್ಕೆ ಇಟ್ಟಿದ್ದಾಳೆ. ಅವೆರಡೂ ಜೊತೆಗೇ ತುಂಬುತ್ತವೆ, ಜೊತೆಗೇ ಖಾಲಿಯಾಗುತ್ತವೆ. ಹಳೆಯವು ರೇಡಿಯೊಗೆ ಮರಳಿವೆ. ಮೈಕು ಈಗ ಸಂಜೆಯವರೆಗೂ ಬಿಷಪ್ಪರಂತೆ ಮಾತಾಡುತ್ತದೆ. ಆದರೆ ಬರುವ ತಿಂಗಳ ಎರಡು ಸಮಾರಂಭಗಳಿಗೆ ಜನ ಅಸುಂಪ್ತಾಳನ್ನು ಕೇಳಿಕೊಂಡಿದ್ದಾರೆ. ಒಪ್ಪಲೋ ಬೇಡವೋ ಎಂದು ಅವಳು ನನ್ನನ್ನು ವಿಚಾರಿಸಿದಳು. ಒಪ್ಪಿಕೋ ಎಂದೆ. ನನ್ನ ಮೈಕನ್ನೂ ಕೊಡುತ್ತೇನೆಂದೆ. ಅದು ಬೇಡ ಭಾವ, ಜನ ಸುಮ್ಮನಿದ್ದರೆ ಸಾಕು ಎಂದಳು.

ಇಷ್ಟು ದೀರ್ಘವಾಗಿ ತಮ್ಮ ಅಮೂಲ್ಯವಾದ ಆ ಒಂದು ಗಂಟೆಯನ್ನು ಕಬಳಿಸಿದ್ದಕ್ಕೆ ಕ್ಷಮೆಯಿರಲಿ.

ಇಂತಿ, ಇನ್ನೂ ಪೂರ್ತಿ ತುಂಬದ,
ತಮ್ಮ ವಿಶ್ವಾಸಿ
ಕ್ರಿಸೊಸ್ಟಮ್ ಲುಯಿಂಡ

ಮರೆತ ಮಾತು: ಮೊನ್ನೆ ಗೊನ್ಜಾಗ ಮತ್ತು ಲೇತಿಷಿಯಾರ ಮದುವೆ ಸಾಂಗವಾಗಿ ನಡೆಯಿತು. ಉಡುಗೊರೆಗಳ ರಾಶಿಯಲ್ಲಿ ಹೂವಿನ ಕಾಗದ ಸುತ್ತಿದ ಒಂದು ಪೆಟ್ಟಿಗೆಯ ಮೇಲೆ ಮದುಮಕ್ಕಳ ಬದಲು ನನ್ನ ಹೆಸರಿತ್ತು. ಬಿಚ್ಚಿದರೆ ಒಳಗೆ ತಮ್ಮ ಅವಳಿ, ಅದೇ ಬೆಳ್ಳಿ ಬಣ್ಣ; ತಮ್ಮ ಕಥೆ ಊರಿಗೆಲ್ಲ ಹಬ್ಬಿದೆ ನೋಡಿ. ಕೊಟ್ಟವರ ಹೆಸರಿಲ್ಲ, ಆದರೆ ಅಕ್ಷರಗಳು ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆದಷ್ಟು ದಪ್ಪಗಿವೆ. ಡ್ಡುಂಬನಿಗೆ ಮುಂದಿನ ವಾರ ಒಂದು ದೊಡ್ಡ ಸಮಾರಂಭವಿದೆಯೆಂದು ಕೇಳಿದ್ದೇನೆ. ತಮ್ಮನ್ನು ಹೊಸ ಕಾಗದದಲ್ಲಿ ಸುತ್ತಿ, ಶುಭಾಶಯಗಳೊಂದಿಗೆ, ನಾಳೆಯೇ ಕಳಿಸಿಕೊಡುತ್ತಿದ್ದೇನೆ.