ಸರ್ಕಾರವಾಗಲು ತಿರುವನಂತಪುರಕ್ಕೆ ಹೋದದ್ದು

ನನ್ನದು ಸರ್ಕಾರಿ ನೌಕರಿಯೋ ಅಲ್ಲವೋ ಎಂಬ ಪ್ರಶ್ನೆಗೆ ನಾನು ಇದುವರೆಗೆ ಒಂದೇ ಉತ್ತರ ಕೊಟ್ಟವನಲ್ಲ. ಹೆಣ್ಣು ನೋಡಲು ಹೋದಾಗ ನಮ್ಮಪ್ಪ ಗಂಟಲು ಸರಿಮಾಡಿಕೊಂಡು “ಹುಡುಗ ಕೇರಳ ಸರ್ಕಾರದಲ್ಲಿದ್ದಾನೆ” ಎಂದಿದ್ದರು. ನಾನು ನೆಲ ನೋಡುತ್ತಾ ತಲೆಯಾಡಿಸಿದ್ದೆ. ಈಗ ನೆಂಟರು ಯಾರಾದರೂ ಮಗನಿಗೊಂದು ಕೆಲಸ ಕೊಡಿಸು ಎಂದರೆ, “ಅಯ್ಯೋ ಮಾವ, ನಮ್ಮದು ಬರೀ ಕಂಪನಿ, ಸರ್ಕಾರಕ್ಕೂ ನಮಗೂ ಏನು ಸಂಬಂಧ?” ಎಂದು ಜಾರಿಕೊಳ್ಳುತ್ತೇನೆ. ಎರಡೂ ಪೂರ್ತಿ ಸುಳ್ಳಲ್ಲ. ಕೊಚ್ಚಿಯ ಹೊರವಲಯದ ಅಂಬಲಮುಗಳ್ ದಾಟಿದರೆ ಸಿಗುವ ನಮ್ಮ ಕಾರ್ಖಾನೆಯ ಒಡೆತನ ಸರ್ಕಾರದ್ದು, ವ್ಯಾಪಾರ ಕಂಪನಿಯದ್ದು. ಮೈಸೂರಿನಿಂದ ಬಂದು ಅಲ್ಲಿ ಕಾನೂನು ಅಧಿಕಾರಿಯಾದ ನಾನು ಸಂದರ್ಭ ನೋಡಿಕೊಂಡು ಆಚೆಗೂ ಈಚೆಗೂ ಸರಿಯುವುದನ್ನು ಬಲು ಬೇಗ ಕಲಿತೆ. ಮಾರ್ಟಿನ್ ಬರುವವರೆಗೆ ಈ ಜಾಣತನದಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ.

ಮಾರ್ಟಿನ್ ಯೂರೋಪಿನ ಯಾವುದೋ ಸಣ್ಣ ಊರಿನವನು. ಅವನೂ ಅವನ ಅಣ್ಣನೂ ಸೇರಿ ನಡೆಸುವ ವರ್ಕ್‌ಶಾಪಿನಿಂದ ನಮ್ಮ ಕಂಪನಿ ಪುಡಿ ಒಣಗಿಸುವ ದೊಡ್ಡ ಯಂತ್ರವೊಂದನ್ನು ತರಿಸಲು ಒಪ್ಪಂದ ಮಾಡಿಕೊಂಡಿತ್ತು. ಯಂತ್ರ ಕೂರಿಸುವ ಜಾಗ ಸಿದ್ಧಪಡಿಸಲು ಅವನೇ ಬಂದು ಕೆಲವು ತಿಂಗಳು ಕೊಚ್ಚಿಯಲ್ಲಿದ್ದ. ಗೆಸ್ಟ್ ಹೌಸಿನ ಊಟ ಅವನ ಹೊಟ್ಟೆಗೆ ಹಿಡಿಸಲಿಲ್ಲವಾದ್ದರಿಂದ ಒಂದು ಭಾನುವಾರ ಅವನನ್ನು ಕಾಕ್ಕನಾಡಿನ ನಮ್ಮ ಫ್ಲಾಟಿಗೆ ಕರೆತಂದೆ. ಅಂದಿನಿಂದ ಭಾನುವಾರವೆಂದರೆ ಮಾರ್ಟಿನ್ ಎಂದಾಯಿತು. ನನ್ನ ಹೆಂಡತಿ ವಸುಧಾ ಮಾಡುವ ಹುಳಿಯನ್ನು ಅವನು ಸೂಪಿನಂತೆ ಬಟ್ಟಲಲ್ಲಿ ಕುಡಿಯುತ್ತಿದ್ದ. ಕನ್ನಡದಲ್ಲಿ ಅವನು ಕಲಿತದ್ದು ‘ಸಾಕು’ ಎಂಬ ಒಂದೇ ಮಾತು. ಅದರರ್ಥ ‘ಇನ್ನಷ್ಟು’ ಎಂದು ತಿಳಿದಿದ್ದ. ಅವನು ಸಾಕು ಎಂದಷ್ಟೂ ಇವಳು ಉಪಚಾರಕ್ಕೆ ಬಡಿಸುತ್ತಿದ್ದಳಾದ್ದರಿಂದ ತಪ್ಪು ತಿದ್ದುವ ಪ್ರಸಂಗವೇ ಬರಲಿಲ್ಲ. ನಾಲ್ಕು ವರ್ಷದಿಂದ ನಾನು ಮಗಳು ಮೇಘಾಳಿಗೆ ಸೈಕಲ್ ಕಲಿಸುವುದಾಗಿ ಹೇಳುತ್ತಲೇ ಇದ್ದೆ. ಅವನು ಒಂದು ಸಂಜೆ ಅಪಾರ್ಟ್‌ಮೆಂಟಿನ ಕೆಳಗೆ ಅವಳ ಹಿಂದೆ ಓಡಿ ಓಡಿ ಕಲಿಸಿಯೇಬಿಟ್ಟ.

ಅವನು ಊರಿಗೆ ಮರಳಿದ ಮೇಲೆ ನಮ್ಮಲ್ಲಿ ಮೇಲಿನವರು ಬದಲಾದರು. ಹೊಸಬರಿಗೆ ಹಳಬರು ಆರಿಸಿದ ಯಂತ್ರ ಬೇಡವಾಯಿತು. ಅಷ್ಟು ಹೊತ್ತಿಗೆ ಅಣ್ಣತಮ್ಮಂದಿರು ಅದನ್ನು ಮಾಡಿ ಮುಗಿಸಿ, ವರ್ಕ್‌ಶಾಪಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ನಿಲ್ಲಿಸಿಕೊಂಡಿದ್ದರು. ಪತ್ರ ಬರೆದು ಸಾಕಾಗಿ ಕೊನೆಗೆ ಅವರ ದೇಶದ ಕೋರ್ಟಿಗೆ ಹೋದರು. ನಮ್ಮ ದೊಡ್ಡ ವಕೀಲರು ಮುಗುಳ್ನಕ್ಕು, “ಒಂದು ದೇಶದ ಸರ್ಕಾರವನ್ನು ಇನ್ನೊಂದು ದೇಶದ ಕೋರ್ಟು ವಿಚಾರಣೆಗೆ ಎಳೆಯುವ ಹಾಗಿಲ್ಲ. ಸಾರ್ವಭೌಮ ವಿನಾಯಿತಿ ಅಂತ ಅದಕ್ಕೆ ಹೆಸರು. ನಿಮ್ಮ ಕಂಪನಿ ಸರ್ಕಾರದ್ದೇ ಒಂದು ಅಂಗ ಅಂತ ಸೆಕ್ರೆಟೇರಿಯಟ್ಟಿನಿಂದ ಒಂದು ಕಾಗದ ತನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ. ಅಲ್ಲೀವರೆಗೂ ಆ ಮಾರ್ಟಿನ್ ಜೊತೆ ಯಾರೂ ಮಾತಾಡಕೂಡದು” ಎಂದರು. ಹೀಗೆ ಸರ್ಕಾರವಾಗಿ ಬರುವ ಹೊಣೆ ನನ್ನ ಹೆಗಲಿಗೆ ಬಿತ್ತು.

ತಿರುವನಂತಪುರದ ಆ ಕಚೇರಿಯಲ್ಲಿದ್ದವರು ಉಷಾ ಮೇಡಂ. ಹಿಂದೊಮ್ಮೆ ನಮ್ಮ ಕಾರ್ಮಿಕರು ಸರ್ಕಾರಿ ನೌಕರರಿಗಿರುವ ರಜೆಗಳೆಲ್ಲ ತಮಗೂ ಬೇಕೆಂದು ಹಟ ಹಿಡಿದಾಗ, ಅದು ಸಾಧ್ಯವಿಲ್ಲವೆಂದು ಕಂಪನಿಯ ಪರವಾಗಿ ವಾದಿಸಲು ನಾನು ಇದೇ ಮೇಡಂ ಎದುರು ಕೂತಿದ್ದೆ. ಅವರು ಮರೆತಿರಲಿಲ್ಲ. ಅರ್ಧ ಮಲಯಾಳ, ಅರ್ಧ ಇಂಗ್ಲಿಷಿನಲ್ಲಿ ವಿಚಾರಣೆ ಶುರುವಾಯಿತು.

“ಎಂದಾ ಸಾರೇ, ಏನಿದು? ಅವತ್ತು ನಾವು ಸರ್ಕಾರವೇ ಅಲ್ಲ, ಬರೀ ಕಂಪನಿ ಅಂದವರು ನೀವೇ ಅಲ್ವಾ?”

“ಹೌದು ಮೇಡಂ.”

“ಇವತ್ತು?”

“ಇವತ್ತು ಸರ್ಕಾರ.”

“ಯಾವಾಗ ಆದಿರಿ?”

“ಎರ್ನಾಕುಲಂನಲ್ಲಿ ರೈಲು ಹತ್ತುವಾಗ.”

ಅವರು ಕನ್ನಡಕ ತೆಗೆದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ, “ಆ ಸಾಯಿಪ್ಪ್ ಪಾವಂ ಅಲ್ವಾ ಸಾರೇ?” ಎಂದರು. ಬಿಳಿಯನೇ ಆದರೂ ಪಾಪದವನಲ್ಲವೇ ಎಂದು. “ಹೌದು, ತುಂಬಾ ಪಾಪದವನು” ಎಂದೆ. “ಏನು ಮಾಡೋದು, ಮೇಲಿನಿಂದ ಹೇಳಿಯಾಗಿದೆ” ಎಂದು ಕಾಗದ ಕೊಟ್ಟರು. ಚಾಯ ಕುಡಿದೇ ಹೋಗಬೇಕೆಂದರು, ಕುಡಿದೆ.

ತಂಪಾನೂರಿಗೆ ಬಂದು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತಿದ್ದಾಗ ಮೊಬೈಲಿಗೆ ಮಾರ್ಟಿನ್ನನ ಸಂದೇಶ ಬಂತು. ಕೇಸಿನ ಸುದ್ದಿ ಇದ್ದೀತೆಂದು ಹೆದರಿ ತೆರೆದೆ. “ಶ್ರೀಕಂಠ, ಇಲ್ಲಿ ತೊಗರಿಬೇಳೆ ಸಿಕ್ಕಿತು. ಹುಣಸೆಹಣ್ಣು ಬೇಳೆ ಬೇಯುವ ಮೊದಲೋ ಆಮೇಲೋ? ವಸುಧಾ ಅವರನ್ನು ಕೇಳಿ ಹೇಳು.” ಇಷ್ಟೇ. ಆಮೇಲೆ ಎಂದು ನನಗೂ ಗೊತ್ತಿತ್ತು. ಬರೆಯಲು ಹೊರಟೆ, ವಕೀಲರ ಮಾತು ನೆನಪಾಯಿತು, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಅಷ್ಟರಲ್ಲಿ ರೈಲು ಬಂತು. ಅವನ ಬೇಳೆ ಅವತ್ತು ಹುಳಿಯಾಯಿತೋ ಇಲ್ಲವೋ ನನಗಿನ್ನೂ ತಿಳಿಯದು.

ಇಷ್ಟೆಲ್ಲ ಮಾಡಿ ತಂದ ಕಾಗದವನ್ನು ಆ ದೇಶದ ನ್ಯಾಯಾಧೀಶರು ಒಪ್ಪಲಿಲ್ಲ. ಯಂತ್ರ ಕೊಳ್ಳಲು ಬಂದವನು ಗಿರಾಕಿ, ಅವನ ಹಿಂದೆ ಯಾವ ಸರ್ಕಾರವಿದೆ ಎಂದು ಕೋರ್ಟು ಕೇಳಬೇಕಾಗಿಲ್ಲ ಎಂಬ ಅರ್ಥದ ತೀರ್ಪು ಬಂತು. ಇದನ್ನು ಹೇಳಲು ಕಾನೂನು ಓದಬೇಕಿರಲಿಲ್ಲ, ನಮ್ಮ ವಸುಧಾ ಮೊದಲ ದಿನವೇ ಹೇಳಿದ್ದಳು. ಕಂಪನಿ ರಾಜಿಯಾಗಿ ಯಂತ್ರವನ್ನು ತರಿಸಿಕೊಂಡಿತು. ಅದನ್ನು ಕೂರಿಸಲು ಮಾತ್ರ ಮಾರ್ಟಿನ್ ಬರಲಿಲ್ಲ, ಬೇರೊಬ್ಬನನ್ನು ಕಳಿಸಿದರು. ಆತ ಗೆಸ್ಟ್ ಹೌಸಿನಲ್ಲೇ ಉಂಡ, ಪ್ರತಿ ಬೋಲ್ಟಿಗೂ ನನ್ನಿಂದ ಸಹಿ ಹಾಕಿಸಿಕೊಂಡ, ಹೊರಟುಹೋದ.

“ಮಾರ್ಟಿನ್ ಅಂಕಿಳ್ ಇನಿ ವರಿಲ್ಲೇ?” ಎಂದಳು ಮೇಘಾ, ಇನ್ನು ಬರುವುದೇ ಇಲ್ಲವೇ ಎಂದು. ಇವಳಿಗೆ ನಾವು ಕನ್ನಡದಲ್ಲಿ ಏನೇ ಕೇಳಿದರೂ ಉತ್ತರ ಮಲಯಾಳದಲ್ಲೇ. “ಬರ್ತಾರೆ ಪುಟ್ಟಿ” ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡ ವಸುಧಾ, “ಈಗ ಕೇಸು ಮುಗೀತಲ್ಲ ರೀ, ಒಂದು ಫೋನ್ ಮಾಡಿದ್ರೆ ಗಂಟೇನು ಹೋಗುತ್ತೆ?” ಎಂದಳು.

ಮಾಡಿದೆ. ಎತ್ತಿದ. ನನ್ನ ದನಿ ಗುರುತಿಸಿದ. ಆಮೇಲೆ ಬಹಳ ಸೌಜನ್ಯದಿಂದ, “ಈಗ ಮಾತಾಡ್ತಿರೋದು ಯಾರು? ಕಂಪನಿಯೋ, ಸರ್ಕಾರವೋ?” ಎಂದು ಕೇಳಿದ.

“ನಾನಪ್ಪಾ, ಶ್ರೀಕಂಠ.”

“ಹೌದಾ? ಕೊಚ್ಚಿಯಲ್ಲಿ ಆ ಹೆಸರಿನ ಸ್ನೇಹಿತನೊಬ್ಬ ನನಗಿದ್ದ. ಸಿಕ್ಕರೆ ನಮಸ್ಕಾರ ತಿಳಿಸಿ” ಎಂದು ಫೋನಿಟ್ಟ.

“ಏನಂದ್ರು?” ಎಂದು ವಸುಧಾ ಅಡುಗೆಮನೆಯಿಂದ ಕೇಳಿದಳು. “ನಮಸ್ಕಾರ ಹೇಳಿದ” ಎಂದೆ. ಮಾತು ನಿಜವೇ. ಅವಳಿಗೆ ಖುಷಿಯಾಯಿತು. ಆ ನಮಸ್ಕಾರ ತಲುಪಬೇಕಾದ ಮನುಷ್ಯ ಈಗ ಎಲ್ಲಿದ್ದಾನೆಂದು ಮಾತ್ರ ಅವಳು ಕೇಳಲಿಲ್ಲ. ಕೇಳಿದ್ದರೆ, ವಿಷಯ ಪರಿಶೀಲನೆಯಲ್ಲಿದೆ ಎಂದು ಹೇಳುವವನಿದ್ದೆ.